ಕೈವಾರ ಹಿಡಿದ ಕೈ

ಲಂಡನ್ ನಗರದ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಎಂಬ ಪ್ರಸಿದ್ಧ ಚಿತ್ರಶಾಲೆಯ ಸಂಗ್ರಹದಲ್ಲಿ ವೃದ್ಧನೊಬ್ಬನ ಭಾವಚಿತ್ರವಿದೆ. ಅದು ಬಟ್ಟೆಯ ಮೇಲೆ ತೈಲವರ್ಣಗಳಿಂದ ಬರೆದ ಚಿತ್ರ. ಸುಮಾರು ನಾಲ್ಕು ಅಡಿ ಎತ್ತರವಾಗಿದೆ. ವೃದ್ಧನು ಆಸನದಲ್ಲಿ ಕುಳಿತಿದ್ದಾನೆ. ಆ ಕಾಲದ ಗಣ್ಯರ ಪದ್ಧತಿಯಂತೆ ಸುರುಳಿ ಸುರುಳಿಯಾದ ಕೃತಕ ಕೇಶರಾಶಿಯು ಅವನ ಹೆಗಲಿನವರೆಗೆ ಇಳಿಬಿದ್ದಿದೆ. ಮುಖದಲ್ಲಿ ಗಾಂಭೀರ್ಯವಿದೆ, ಗರ್ವವಿಲ್ಲ, ವಯಸ್ಸಿದೆ, ಬಳಲಿಕೆಯಿಲ್ಲ. ಕೈಯಲ್ಲಿ ಒಂದು ಕೈವಾರವಿದೆ. ಆ ಕೈಯ ಬಳಿ ಒಂದು ಕಟ್ಟಡದ ನಕ್ಷೆ ಹರಡಿದೆ. ರಾಜರು ಖಡ್ಗ ಹಿಡಿದು, ಧರ್ಮಗುರುಗಳು ಗ್ರಂಥ ಹಿಡಿದು ಚಿತ್ರ ಬರೆಯಿಸಿಕೊಳ್ಳುತ್ತಿದ್ದ ಕಾಲದಲ್ಲಿ ಈತನು ಶಾಲೆಯ ಮಕ್ಕಳು ರೇಖಾಗಣಿತಕ್ಕೆ ಬಳಸುವಂತಹ ಒಂದು ಸಣ್ಣ ಉಪಕರಣವನ್ನು ಹಿಡಿದು ಕುಳಿತಿದ್ದಾನೆ.

ಈತನೇ ಇಂಗ್ಲೆಂಡಿನ ಮಹಾ ವಾಸ್ತುಶಿಲ್ಪಿ ಸರ್ ಕ್ರಿಸ್ಟೋಫರ್ ರೆನ್. ಮೇಜಿನ ಮೇಲಿರುವುದು ಲಂಡನ್ನಿನ ಸೇಂಟ್ ಪಾಲ್ ಮಹಾಮಂದಿರದ ನಕ್ಷೆ. ಚಿತ್ರವನ್ನು ಬರೆದವನು ಸರ್ ಗಾಡ್‌ಫ್ರೀ ನೆಲ್ಲರ್. ಬರೆದ ವರ್ಷ 1711. ಆಗ ರೆನ್ ಎಂಬತ್ತರ ಸಮೀಪದಲ್ಲಿದ್ದನು. ಆ ವರ್ಷವು ಅವನ ಬಾಳಿನಲ್ಲಿ ಬಹು ಮುಖ್ಯವಾದುದು. ಮೂವತ್ತಾರು ವರ್ಷಗಳ ಹಿಂದೆ ಆರಂಭಿಸಿದ ಒಂದು ಕಾರ್ಯ ಪೂರ್ಣವಾಯಿತೆಂದು ದೇಶವು ಒಪ್ಪಿಕೊಂಡ ವರ್ಷ ಅದು. ಹದಿನಾಲ್ಕು ವರ್ಷಗಳಿಂದ ತಡೆಹಿಡಿದಿದ್ದ ಅರ್ಧ ಸಂಬಳವನ್ನು ಅವನಿಗೆ ಕೊಡಬೇಕೆಂದು ತೀರ್ಮಾನವಾದ ವರ್ಷವೂ ಅದೇ. ಚಿತ್ರದಲ್ಲಿ ಕಾಣುವ ಶಾಂತಮುಖದ ಹಿಂದೆ ಎಷ್ಟು ನಿರಾಶೆಗಳು, ಎಷ್ಟು ಅಗಲಿಕೆಗಳು, ಎಷ್ಟು ತಾಳ್ಮೆ ಅಡಗಿವೆಯೆಂಬುದನ್ನು ತಿಳಿಯಬೇಕಾದರೆ ರೆನ್ನನ ಬಾಳಿನ ಕಥೆಯನ್ನು ಮೊದಲಿನಿಂದ ನೋಡಬೇಕು.

ಕ್ರಿಸ್ಟೋಫರ್ ರೆನ್ 1632ನೆಯ ಅಕ್ಟೋಬರ್ 20ರಂದು ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದ ಈಸ್ಟ್ ನಾಯ್ಲ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆಯ ಹೆಸರೂ ಕ್ರಿಸ್ಟೋಫರ್ ರೆನ್ ಎಂದೇ. ಆತ ಆ ಊರಿನ ಇಗರ್ಜಿಯ ಪಾದ್ರಿಯಾಗಿದ್ದು, ಮುಂದೆ ವಿಂಡ್ಸರ್ ಅರಮನೆಯ ಇಗರ್ಜಿಯಲ್ಲಿ ಡೀನ್ ಎಂಬ ಉನ್ನತ ಪದವಿಗೆ ಏರಿದನು. ದೊಡ್ಡಪ್ಪ ಮ್ಯಾಥ್ಯೂ ರೆನ್ ಬಿಷಪ್ ಆಗಿದ್ದನು. ಇಂತಹ ಮನೆತನದ ಬಾಲಕನಿಗೆ ಸುಖವಾದ ಬಾಲ್ಯ ದೊರೆಯಬೇಕಾಗಿತ್ತು. ಆದರೆ ಅವನಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ, 1642ರಲ್ಲಿ, ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ಹೊತ್ತಿಕೊಂಡಿತು. ರೆನ್ ಮನೆತನದವರು ರಾಜನ ಪಕ್ಷದವರು. ವಿಂಡ್ಸರಿನ ಅವರ ಮನೆಯನ್ನು ಸೈನಿಕರು ಕೊಳ್ಳೆ ಹೊಡೆದರು. ದೊಡ್ಡಪ್ಪನನ್ನು ಹಿಡಿದು ಲಂಡನ್ ಕೋಟೆಯಲ್ಲಿ ಸೆರೆಯಿಟ್ಟರು. ಹದಿನೆಂಟು ವರ್ಷಗಳವರೆಗೆ ಆತನಿಗೆ ಬಿಡುಗಡೆಯಾಗಲಿಲ್ಲ. ಕುಟುಂಬವು ನೆಲೆ ತಪ್ಪಿ, ಕೊನೆಗೆ ಬಾಲಕನ ಅಕ್ಕನ ಗಂಡನಾದ ವಿಲಿಯಂ ಹೋಲ್ಡರನ ಆಶ್ರಯವನ್ನು ಸೇರಿತು.

ಕಷ್ಟದಲ್ಲಿಯೂ ಒಂದು ಒಳಿತು ಅಡಗಿತ್ತು. ಹೋಲ್ಡರನು ಗಣಿತದಲ್ಲಿ ಒಳ್ಳೆಯ ವಿದ್ವಾಂಸ. ಬಾವನ ಬಳಿ ಬಾಲಕನು ರೇಖಾಗಣಿತವನ್ನೂ ಖಗೋಳಶಾಸ್ತ್ರದ ಮೊದಲ ಪಾಠಗಳನ್ನೂ ಕಲಿತನು. ಹೊರಗೆ ದೇಶವು ಒಡೆದು ಹೋಳಾಗುತ್ತಿದ್ದಾಗ, ಒಳಗೆ ಆ ಬಾಲಕನು ರೇಖೆ, ಕೋನ, ವೃತ್ತಗಳ ಲೋಕದಲ್ಲಿ ಮುಳುಗಿದ್ದನು. ಮುಂದೆ ನೆಲ್ಲರನು ಚಿತ್ರದಲ್ಲಿ ತೋರಿಸಿದ ಕೈವಾರವು ಅವನ ಕೈಸೇರಿದ್ದು ಆ ದಿನಗಳಲ್ಲಿಯೇ.

ರೆನ್ ಆಕ್ಸ್‌ಫರ್ಡಿನ ವಾಡಂ ಕಾಲೇಜಿಗೆ ಸೇರಿ 1651ರಲ್ಲಿ ಬಿ.ಎ. ಪದವಿಯನ್ನೂ 1653ರಲ್ಲಿ ಎಂ.ಎ. ಪದವಿಯನ್ನೂ ಪಡೆದನು. ಅಲ್ಲಿ ಪ್ರಕೃತಿಯನ್ನು ಪ್ರಯೋಗದಿಂದ ಅರಿಯಬೇಕೆಂಬ ಹಂಬಲವುಳ್ಳ ವಿದ್ವಾಂಸರ ಗುಂಪೊಂದು ಕೂಡುತ್ತಿತ್ತು. ಆ ಗುಂಪಿನಲ್ಲಿ ರೆನ್ ಬಹುಬೇಗ ಎಲ್ಲರ ಮೆಚ್ಚುಗೆಗೆ ಪಾತ್ರನಾದನು. ಅವನು ಛಾಯಾಯಂತ್ರಗಳನ್ನು ರಚಿಸಿದನು. ಸೂಕ್ಷ್ಮದರ್ಶಕದಲ್ಲಿ ಕಂಡ ಕೀಟಗಳ ಚಿತ್ರಗಳನ್ನು ಬರೆದನು. ನಾಯಿಯೊಂದರ ರಕ್ತನಾಳದೊಳಕ್ಕೆ ದ್ರವವನ್ನು ಸೇರಿಸುವ ಪ್ರಯೋಗವನ್ನು ನಡೆಸಿದನು. ಥಾಮಸ್ ವಿಲಿಸ್ ಎಂಬ ವೈದ್ಯನು ಮನುಷ್ಯನ ಮಿದುಳಿನ ರಚನೆಯನ್ನು ಕುರಿತು 1664ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಚಿತ್ರಗಳನ್ನು ಬರೆದುಕೊಟ್ಟವರಲ್ಲಿ ರೆನ್ ಒಬ್ಬನು. 1657ರಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನ ಆಸುಪಾಸಿನಲ್ಲಿ, ಅವನು ಲಂಡನ್ನಿನ ಗ್ರೆಷಂ ಕಾಲೇಜಿನಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕನಾದನು. 1660ರ ನವೆಂಬರ್ ತಿಂಗಳ ಒಂದು ದಿನ ಅವನ ಉಪನ್ಯಾಸವನ್ನು ಕೇಳಲು ಬಂದಿದ್ದ ಹಲವರು ಉಪನ್ಯಾಸ ಮುಗಿದ ಮೇಲೆ ಒಟ್ಟಿಗೆ ಕುಳಿತು, ವಿಜ್ಞಾನದ ಬೆಳವಣಿಗೆಗಾಗಿ ಒಂದು ಸಂಘವನ್ನು ಕಟ್ಟಲು ನಿಶ್ಚಯಿಸಿದರು. ಜಗತ್ಪ್ರಸಿದ್ಧವಾದ ರಾಯಲ್ ಸೊಸೈಟಿಯು ಹುಟ್ಟಿದ್ದು ಹೀಗೆ. ಮುಂದೆ ಐಸಾಕ್ ನ್ಯೂಟನ್ ತನ್ನ ಮಹಾಗ್ರಂಥದಲ್ಲಿ ಆ ಕಾಲದ ಅಗ್ರಗಣ್ಯ ರೇಖಾಗಣಿತಜ್ಞರನ್ನು ಹೆಸರಿಸುವಾಗ ರೆನ್ನನ ಹೆಸರನ್ನೂ ಸೇರಿಸಿದ್ದಾನೆ.

ಇಂತಹ ವಿಜ್ಞಾನಿಯು ಕಟ್ಟಡದ ಕೆಲಸಕ್ಕೆ ಬಂದುದು ಹೇಗೆ? ಆ ಕಾಲದಲ್ಲಿ ವಾಸ್ತುಶಿಲ್ಪವನ್ನು ಪ್ರತ್ಯೇಕವಾಗಿ ಕಲಿಸುವ ಶಾಲೆಗಳು ಇಂಗ್ಲೆಂಡಿನಲ್ಲಿರಲಿಲ್ಲ. ಗಣಿತವನ್ನು ಬಲ್ಲವನು ಕಟ್ಟಡವನ್ನೂ ಬಲ್ಲನೆಂಬ ನಂಬಿಕೆಯಿತ್ತು. ಸೆರೆಯಿಂದ ಬಿಡುಗಡೆಯಾಗಿ ಬಂದ ದೊಡ್ಡಪ್ಪನು ದೇವರಿಗೆ ಕೃತಜ್ಞತೆಯನ್ನು ಸಲ್ಲಿಸಲು ಕೇಂಬ್ರಿಜ್ಜಿನ ಪೆಂಬ್ರೋಕ್ ಕಾಲೇಜಿನಲ್ಲಿ ಒಂದು ಪ್ರಾರ್ಥನಾಮಂದಿರವನ್ನು ಕಟ್ಟಿಸಬಯಸಿ, ಆ ಕೆಲಸವನ್ನು ರೆನ್ನನಿಗೆ ಒಪ್ಪಿಸಿದನು. ಅದು ಅವನ ಮೊದಲ ಕಟ್ಟಡ. ಅನಂತರ ಆಕ್ಸ್‌ಫರ್ಡಿನಲ್ಲಿ ಷೆಲ್ಡೋನಿಯನ್ ಸಭಾಭವನವನ್ನು ಕಟ್ಟುವ ಕೆಲಸ ದೊರೆಯಿತು. ನಡುವೆ ಒಂದು ಕಂಬವೂ ಇಲ್ಲದಂತೆ ಎಪ್ಪತ್ತು ಅಡಿ ಅಗಲದ ಚಾವಣಿಯನ್ನು ಹೊದಿಸಬೇಕಾಗಿತ್ತು. ಅಷ್ಟು ಉದ್ದದ ಮರದ ತೊಲೆಗಳು ದೊರೆಯುವಂತಿರಲಿಲ್ಲ. ರೆನ್ ಚಿಕ್ಕ ಚಿಕ್ಕ ತೊಲೆಗಳನ್ನು ಒಂದಕ್ಕೊಂದು ಹೆಣೆದು, ಅವು ಪರಸ್ಪರ ಭಾರವನ್ನು ಹೊರುವಂತೆ ಮಾಡಿ, ಚಾವಣಿಯನ್ನು ನಿಲ್ಲಿಸಿದನು. ಗಣಿತವು ಮರಕ್ಕೆ ಬಲ ಕೊಟ್ಟಿತು.

1665ರಲ್ಲಿ ಲಂಡನ್ನಿಗೆ ಪ್ಲೇಗ್ ಮಹಾಮಾರಿ ಬಂದಿತು. ಆ ವರ್ಷ ರೆನ್ ಫ್ರಾನ್ಸ್ ದೇಶಕ್ಕೆ ಹೋಗಿ, ಪ್ಯಾರಿಸಿನಲ್ಲಿ ಹಲವು ತಿಂಗಳು ಇದ್ದು ಅಲ್ಲಿನ ಭವ್ಯ ಕಟ್ಟಡಗಳನ್ನು ಕಣ್ಣಾರೆ ನೋಡಿದನು. ಇಟಲಿಯ ಪ್ರಖ್ಯಾತ ಶಿಲ್ಪಿ ಬರ್ನಿನಿಯನ್ನು ಅಲ್ಲಿಯೇ ಭೇಟಿಯಾದನು. ಇಂಗ್ಲೆಂಡಿನಲ್ಲಿ ಅದುವರೆಗೆ ಕಾಣದಿದ್ದ ಗುಮ್ಮಟಗಳು ಅವನ ಮನಸ್ಸನ್ನು ಸೆರೆಹಿಡಿದವು. ಹಿಂತಿರುಗಿ ಬಂದ ಮೇಲೆ, 1666ರ ಆಗಸ್ಟ್ 27ರಂದು, ಜೀರ್ಣವಾಗಿದ್ದ ಹಳೆಯ ಸೇಂಟ್ ಪಾಲ್ ಮಂದಿರವನ್ನು ಪರಿಶೀಲಿಸಲು ಹೋದವರಲ್ಲಿ ಅವನೂ ಒಬ್ಬನಾಗಿದ್ದನು. ಅದರ ನಡುಗೋಪುರವನ್ನು ತೆಗೆದು ಗುಮ್ಮಟವನ್ನು ಕಟ್ಟಬೇಕೆಂಬುದು ಅವನ ಸಲಹೆ. ಅದು ನಡೆದ ಕೆಲವೇ ದಿನಗಳಲ್ಲಿ, ಆ ಸಲಹೆಯನ್ನೂ ಆ ಮಂದಿರವನ್ನೂ ಬೆಂಕಿಯು ನುಂಗಿತು.

ಸೆಪ್ಟೆಂಬರ್ 2ರ ನಸುಕಿನಲ್ಲಿ ಪುಡಿಂಗ್ ಲೇನ್ ಎಂಬ ಓಣಿಯ ರೊಟ್ಟಿಯಂಗಡಿಯಲ್ಲಿ ಹುಟ್ಟಿದ ಬೆಂಕಿಯು ಬೀಸುಗಾಳಿಗೆ ಸಿಕ್ಕಿ, ಒತ್ತೊತ್ತಾಗಿ ನಿಂತಿದ್ದ ಮರದ ಮನೆಗಳಿಗೆ ಹಬ್ಬಿತು. ನಾಲ್ಕು ದಿನಗಳ ಕಾಲ ನಗರವು ಉರಿಯಿತು. ಸುಮಾರು 13,200 ಮನೆಗಳೂ 87 ಇಗರ್ಜಿಗಳೂ ಬೂದಿಯಾದವು. ಸೇಂಟ್ ಪಾಲ್ ಮಂದಿರದ ಚಾವಣಿಯ ಸೀಸವು ಕರಗಿ ಬೀದಿಯಲ್ಲಿ ಹರಿಯಿತು. ಬೆಂಕಿ ಆರಿ ಇನ್ನೂ ಬೂದಿ ಬಿಸಿಯಾಗಿರುವಾಗಲೇ, ಸೆಪ್ಟೆಂಬರ್ 11ರಂದು, ರೆನ್ ಹೊಸ ಲಂಡನ್ನಿನ ನಕ್ಷೆಯೊಂದನ್ನು ಎರಡನೆಯ ಚಾರ್ಲ್ಸ್ ರಾಜನ ಮುಂದಿಟ್ಟನು. ಇಕ್ಕಟ್ಟಾದ ಓಣಿಗಳಿಗೆ ಬದಲು ವಿಶಾಲವಾದ ನೇರ ಬೀದಿಗಳು, ಬೀದಿಗಳು ಕೂಡುವಲ್ಲಿ ಚೌಕಗಳು, ನದಿಯ ದಂಡೆಯಲ್ಲಿ ಅಚ್ಚುಕಟ್ಟಾದ ಹಡಗುಕಟ್ಟೆಗಳು ಆ ನಕ್ಷೆಯಲ್ಲಿದ್ದವು. ಆದರೆ ಸುಟ್ಟ ನೆಲದ ಒಂದೊಂದು ತುಂಡಿಗೂ ಒಬ್ಬೊಬ್ಬ ಒಡೆಯನಿದ್ದನು. ಮನೆ ಕಳೆದುಕೊಂಡವರಿಗೆ ಚಳಿಗಾಲಕ್ಕೆ ಮೊದಲು ತಲೆಯ ಮೇಲೊಂದು ಸೂರು ಬೇಕಾಗಿತ್ತು. ಅವರೆಲ್ಲರ ನೆಲವನ್ನು ಕೊಂಡು ಹೊಸದಾಗಿ ಹಂಚುವಷ್ಟು ಹಣವೂ ಕಾಲವೂ ಇರಲಿಲ್ಲ. ನಗರವು ಬಹುಮಟ್ಟಿಗೆ ಹಳೆಯ ಬೀದಿಗಳ ಮೇಲೆಯೇ ಮತ್ತೆ ಎದ್ದಿತು. ರೆನ್ನನ ಮೊದಲ ದೊಡ್ಡ ಕನಸು ಕಾಗದದ ಮೇಲೆಯೇ ಉಳಿಯಿತು.

ಅವನು ಅದಕ್ಕಾಗಿ ಕೈಕಟ್ಟಿ ಕೂರಲಿಲ್ಲ. ಇಡೀ ನಗರವನ್ನು ಕಟ್ಟುವ ಅವಕಾಶವಿಲ್ಲದಿದ್ದರೆ ಅದರ ಇಗರ್ಜಿಗಳನ್ನಾದರೂ ಕಟ್ಟೋಣವೆಂದು ತೊಡಗಿದನು. 1669ರಲ್ಲಿ ರಾಜನು ಅವನನ್ನು ಅರಮನೆಯ ಕಟ್ಟಡಗಳ ಮುಖ್ಯಾಧಿಕಾರಿಯಾಗಿ ನೇಮಿಸಿದನು. ಲಂಡನ್ ಬಂದರಿಗೆ ಬರುವ ಕಲ್ಲಿದ್ದಲಿನ ಮೇಲೆ ತೆರಿಗೆ ವಿಧಿಸಿ, ಅದರಿಂದ ಬಂದ ಹಣದಲ್ಲಿ ಇಗರ್ಜಿಗಳನ್ನು ಕಟ್ಟುವ ಏರ್ಪಾಡಾಯಿತು. ರೆನ್ನನ ಮೇಲ್ವಿಚಾರಣೆಯಲ್ಲಿ ಐವತ್ತಕ್ಕೂ ಹೆಚ್ಚು ಇಗರ್ಜಿಗಳು ಎದ್ದವು. ಇಕ್ಕಟ್ಟಾದ, ಅಂಕುಡೊಂಕಾದ ನಿವೇಶನಗಳಲ್ಲಿ ಒಂದರಂತೆ ಇನ್ನೊಂದಿಲ್ಲದ ಗೋಪುರಗಳನ್ನು ಅವನು ನಿಲ್ಲಿಸಿದನು. ಈ ಕೆಲಸದಲ್ಲಿ ಅವನ ಮಿತ್ರನೂ ವಿಜ್ಞಾನಿಯೂ ಆದ ರಾಬರ್ಟ್ ಹುಕ್ ಅವನಿಗೆ ಹೆಗಲೆಣೆಯಾಗಿದ್ದನು.

ಇತ್ತ ಸೇಂಟ್ ಪಾಲ್ ಮಂದಿರದ ಪಾಳುಗೋಡೆಗಳಿಗೆ ತೇಪೆ ಹಾಕಿ ಬಳಸಬೇಕೆಂದು ಕೆಲವರು ಯತ್ನಿಸಿದರು. ಅದು ನಿಲ್ಲದೆಂದು ರೆನ್ ಮೊದಲೇ ಎಚ್ಚರಿಸಿದ್ದನು. 1668ರಲ್ಲಿ ಒಂದು ಭಾಗ ಕುಸಿದುಬಿದ್ದ ಮೇಲೆ ಎಲ್ಲರೂ ಅವನ ಮಾತನ್ನು ಒಪ್ಪಿದರು. ಹಳೆಯ ಗೋಡೆಗಳನ್ನು ಕೆಡಹುವುದೇ ಒಂದು ಸಾಹಸವಾಯಿತು. ರೆನ್ ಲೆಕ್ಕ ಹಾಕಿ ಅಳತೆಯಷ್ಟೇ ಸಿಡಿಮದ್ದನ್ನು ಇರಿಸಿ ನಡುಗೋಪುರದ ಉಳಿದ ಭಾಗವನ್ನು ನಿಂತಲ್ಲಿಯೇ ಕುಸಿಯುವಂತೆ ಮಾಡಿದನು. ಆದರೆ ಅವನಿಲ್ಲದ ಹೊತ್ತಿನಲ್ಲಿ ಅವನ ಕೈಕೆಳಗಿನವನೊಬ್ಬನು ಹೆಚ್ಚು ಮದ್ದನ್ನು ತುಂಬಿದ್ದರಿಂದ ಕಲ್ಲೊಂದು ಸಿಡಿದು ಎದುರು ಮನೆಯೊಳಕ್ಕೆ ಬಿದ್ದಿತು. ಯಾರಿಗೂ ಅಪಾಯವಾಗದಿದ್ದರೂ ನೆರೆಹೊರೆಯವರು ಹೆದರಿದರು. ಸಿಡಿಮದ್ದಿನ ಬಳಕೆ ನಿಂತಿತು. ಆಗ ರೆನ್ ಪ್ರಾಚೀನರು ಕೋಟೆಗಳನ್ನು ಒಡೆಯಲು ಬಳಸುತ್ತಿದ್ದ ಉಪಾಯವನ್ನು ನೆನೆದನು. ಹಡಗಿನ ಕೂವೆಯಂತಹ ಉದ್ದನೆಯ ಮರಕ್ಕೆ ಕಬ್ಬಿಣವನ್ನು ತೊಡಿಸಿ ತೂಗುಹಾಕಿಸಿ, ಮೂವತ್ತು ಜನರಿಂದ ಗೋಡೆಯ ಒಂದೇ ಜಾಗಕ್ಕೆ ಹೊಡೆಯಿಸಿದನು. ಇಡೀ ದಿನ ಹೊಡೆದರೂ ಗೋಡೆ ಅಲುಗಿದಂತೆ ಕಾಣಲಿಲ್ಲ. ಕೆಲಸಗಾರರು ನಿರಾಶರಾದರು. ಕಣ್ಣಿಗೆ ಕಾಣದಿದ್ದರೂ ಪ್ರತಿಯೊಂದು ಪೆಟ್ಟೂ ಒಳಗೆ ಕೆಲಸ ಮಾಡುತ್ತಿದೆಯೆಂದು ಅವನು ಅವರಿಗೆ ಧೈರ್ಯ ಹೇಳಿದನು. ಎರಡನೆಯ ದಿನ ಗೋಡೆಯು ಮೇಲಿನಿಂದ ನಡುಗತೊಡಗಿ, ಕೆಲವೇ ಗಂಟೆಗಳಲ್ಲಿ ಉರುಳಿಬಿದ್ದಿತು. ರೆನ್ನನ ಬಾಳನ್ನೇ ಈ ಒಂದು ಪ್ರಸಂಗವು ಸಂಕ್ಷೇಪವಾಗಿ ಹೇಳುತ್ತದೆ.

ಹೊಸ ಮಂದಿರಕ್ಕಾಗಿ ಅವನು ಹಲವು ನಕ್ಷೆಗಳನ್ನು ಬರೆದನು. ತನಗೆ ಅತ್ಯಂತ ಪ್ರಿಯವಾದ ನಕ್ಷೆಗೆ 1673ರಲ್ಲಿ ಓಕ್ ಮರದ ಮಾದರಿಯೊಂದನ್ನು ಮಾಡಿಸಿದನು. ಇಪ್ಪತ್ತು ಅಡಿಗಿಂತ ಹೆಚ್ಚು ಉದ್ದವಿದ್ದ ಆ ಮಾದರಿಯ ಒಳಗೆ ಮನುಷ್ಯನು ನಿಂತು ನೋಡಬಹುದಾಗಿತ್ತು. ನಡುವೆ ಮಹಾಗುಮ್ಮಟ, ಅದರ ನಾಲ್ಕು ಕಡೆಗೂ ಚಾಚಿಕೊಂಡ ತೋಳುಗಳು. ಆದರೆ ಧರ್ಮಾಧಿಕಾರಿಗಳು ಅದನ್ನು ಒಪ್ಪಲಿಲ್ಲ. ಮೆರವಣಿಗೆಗಳು ಸಾಗುವಂತಹ ಉದ್ದನೆಯ ಒಳಾಂಗಣವು ತಮ್ಮ ಸಂಪ್ರದಾಯಕ್ಕೆ ಬೇಕೆಂದರು. ಮೇಲಾಗಿ ಅಂತಹ ಕಟ್ಟಡವನ್ನು ಭಾಗ ಭಾಗವಾಗಿ ಕಟ್ಟಿ ಬಳಸಲು ಆಗದೆಂಬ ಆಕ್ಷೇಪಣೆಯೂ ಬಂದಿತು. ಅವರ ಮಾತಿನಲ್ಲಿ ಸ್ವಲ್ಪ ಯುಕ್ತಿಯೂ ಇತ್ತು. ತೆರಿಗೆಯ ಹಣವು ವರ್ಷ ವರ್ಷವೂ ತುಸು ತುಸುವಾಗಿ ಬರುವಂತಹುದು. ಆದರೂ ಆ ದಿನ ರೆನ್ ಕಣ್ಣೀರಿಟ್ಟನೆಂದು ಹೇಳುತ್ತಾರೆ. ಇನ್ನು ಮುಂದೆ ಮಾದರಿಗಳನ್ನು ಮಾಡಿ ಎಲ್ಲರ ಮುಂದೆ ಪ್ರದರ್ಶಿಸುವುದಿಲ್ಲವೆಂದು ಅವನು ನಿಶ್ಚಯಿಸಿದನು. ಆ ಮಾದರಿಯು ಇಂದಿಗೂ ಸೇಂಟ್ ಪಾಲ್ ಮಂದಿರದಲ್ಲಿ ಭದ್ರವಾಗಿದೆ.

ಕಣ್ಣೀರನ್ನು ಒರೆಸಿಕೊಂಡು ರೆನ್ ಮತ್ತೊಂದು ನಕ್ಷೆಯನ್ನು ಬರೆದನು. ಸಂಪ್ರದಾಯಸ್ಥರು ಬಯಸಿದಂತೆ ಅದರಲ್ಲಿ ಉದ್ದನೆಯ ಒಳಾಂಗಣವಿತ್ತು. ಗುಮ್ಮಟದ ಮೇಲೆ ಚೂಪಾದ ಗೋಪುರವಿತ್ತು. 1675ರ ಮೇ ತಿಂಗಳಲ್ಲಿ ರಾಜನು ಅದಕ್ಕೆ ಒಪ್ಪಿಗೆ ಕೊಟ್ಟನು. ಕೆಲಸ ಸಾಗುತ್ತಿರುವಾಗ ಅಲಂಕಾರದ ಅಂಶಗಳಲ್ಲಿ ಅಗತ್ಯಕ್ಕೆ ತಕ್ಕಂತೆ ಬದಲಾವಣೆ ಮಾಡಿಕೊಳ್ಳುವ ಸ್ವಾತಂತ್ರ್ಯವನ್ನೂ ಕೊಟ್ಟನು. ರೆನ್ ಆ ಸ್ವಾತಂತ್ರ್ಯವನ್ನು ಮನಸಾರೆ ಬಳಸಿಕೊಂಡನು. ಚೂಪು ಗೋಪುರವು ಮಾಯವಾಗಿ, ಅವನು ಮೊದಲಿನಿಂದ ಕನಸು ಕಂಡಿದ್ದ ಮಹಾಗುಮ್ಮಟವು ಮತ್ತೆ ನಕ್ಷೆಗೆ ಬಂದಿತು. ಅದೇ ವರ್ಷದ ಜೂನ್ 21ರಂದು ಮೊದಲ ಕಲ್ಲನ್ನು ಇಟ್ಟರು. ಗುಮ್ಮಟದ ನಡುಬಿಂದುವನ್ನು ಗುರುತಿಸುವ ದಿನ, ಗುರುತಿಗಾಗಿ ಒಂದು ಕಲ್ಲನ್ನು ತರುವಂತೆ ರೆನ್ ಕೆಲಸಗಾರನೊಬ್ಬನಿಗೆ ಹೇಳಿದನಂತೆ. ಆತ ಅವಶೇಷಗಳ ರಾಶಿಯಿಂದ ತಂದದ್ದು ಒಡೆದ ಗೋರಿಗಲ್ಲಿನ ಒಂದು ತುಂಡು. ಅದರ ಮೇಲೆ ತಾನು ಮತ್ತೆ ಏಳುವೆನೆಂಬ ಅರ್ಥದ ಒಂದೇ ಒಂದು ಲ್ಯಾಟಿನ್ ಪದ ಉಳಿದಿತ್ತು. ಅಲ್ಲಿದ್ದವರೆಲ್ಲರೂ ಅದನ್ನು ಶುಭಶಕುನವೆಂದು ತಿಳಿದರು. ಬೂದಿಯಿಂದ ಏಳುವ ಫೀನಿಕ್ಸ್ ಪಕ್ಷಿಯ ಚಿತ್ರದೊಡನೆ ಆ ಪದವನ್ನು ಇಂದಿಗೂ ಮಂದಿರದ ದಕ್ಷಿಣ ಭಾಗದಲ್ಲಿ ಕಾಣಬಹುದು.

ಆ ವರ್ಷವು ರೆನ್ನನ ಮನೆಗೆ ಮಾತ್ರ ಶುಭವಾಗಿರಲಿಲ್ಲ. 1669ರಲ್ಲಿ ಅವನು ಫೇತ್ ಕಾಗ್‌ಹಿಲ್ ಎಂಬುವಳನ್ನು ಮದುವೆಯಾಗಿದ್ದನು. ಅವರ ಚೊಚ್ಚಲ ಮಗು ಶೈಶವದಲ್ಲಿಯೇ ತೀರಿಕೊಂಡಿತ್ತು. 1675ರ ಫೆಬ್ರವರಿಯಲ್ಲಿ ಎರಡನೆಯ ಮಗ ಹುಟ್ಟಿದನು. ಅವನಿಗೂ ಕ್ರಿಸ್ಟೋಫರ್ ಎಂದೇ ಹೆಸರಿಟ್ಟರು. ಮಂದಿರದ ಮೊದಲ ಕಲ್ಲನ್ನು ಇಟ್ಟಾಗ ಆ ಕೂಸಿಗೆ ನಾಲ್ಕು ತಿಂಗಳು. ಸೆಪ್ಟೆಂಬರ್ ತಿಂಗಳಲ್ಲಿ ತಾಯಿಯು ಸಿಡುಬಿಗೆ ತುತ್ತಾದಳು. ಎರಡು ವರ್ಷಗಳ ಮೇಲೆ ರೆನ್ ಜೇನ್ ಫಿಟ್ಸ್‌ವಿಲಿಯಂ ಎಂಬುವಳನ್ನು ವರಿಸಿದನು. ಎರಡು ಮಕ್ಕಳನ್ನು ಹೆತ್ತು ಆಕೆಯೂ 1680ರಲ್ಲಿ ತೀರಿಕೊಂಡಳು. ಅನಂತರ ನಾಲ್ವತ್ತು ವರ್ಷಗಳಿಗೂ ಹೆಚ್ಚು ಕಾಲ ಬದುಕಿದ್ದರೂ ರೆನ್ ಮತ್ತೆ ಮದುವೆಯಾಗಲಿಲ್ಲ. ಎರಡನೆಯ ಹೆಂಡತಿಯ ಮಗಳು ಜೇನ್ ಸಂಗೀತದಲ್ಲಿ ನಿಪುಣೆ, ತಂದೆಗೆ ಅಚ್ಚುಮೆಚ್ಚು. ಆಕೆಯೂ 1702ರಲ್ಲಿ ಎಳೆಯ ವಯಸ್ಸಿನಲ್ಲಿಯೇ ಕಣ್ಮುಚ್ಚಿದಳು. ತಾನು ಕಟ್ಟುತ್ತಿದ್ದ ಮಂದಿರದ ನೆಲಮಾಳಿಗೆಯಲ್ಲಿಯೇ ತಂದೆಯು ಮಗಳನ್ನು ಮಣ್ಣು ಮಾಡಬೇಕಾಯಿತು.

ದುಃಖವು ಬಂದಿತು, ಹೋಯಿತು, ಕೆಲಸ ನಿಲ್ಲಲಿಲ್ಲ. ಗ್ರೀನಿಚ್‌ನಲ್ಲಿ ನಕ್ಷತ್ರ ವೀಕ್ಷಣಾಲಯ, ಚೆಲ್ಸಿಯಲ್ಲಿ ವಯಸ್ಸಾದ ಸೈನಿಕರ ಆಶ್ರಯಧಾಮ, ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನ ಗ್ರಂಥಾಲಯ, ಹ್ಯಾಂಪ್ಟನ್ ಕೋರ್ಟಿನ ಅರಮನೆ—ಒಂದಾದ ಮೇಲೊಂದರಂತೆ ಅವನ ನಕ್ಷೆಗಳು ಕಲ್ಲಿನ ರೂಪವನ್ನು ತಾಳಿದವು. ಗ್ರೀನಿಚ್‌ನಲ್ಲಿ ನಾವಿಕರಿಗಾಗಿ ಕಟ್ಟಿದ ಆಶ್ರಯಧಾಮದ ಕೆಲಸಕ್ಕೆ ಅವನು ಸಂಭಾವನೆಯನ್ನೇ ತೆಗೆದುಕೊಳ್ಳಲಿಲ್ಲ.

ಸೇಂಟ್ ಪಾಲ್ ಮಂದಿರದ ಕೆಲಸಕ್ಕೆ ಅವನಿಗೆ ಸಿಗುತ್ತಿದ್ದುದು ವರ್ಷಕ್ಕೆ 200 ಪೌಂಡ್. 1697ರ ಡಿಸೆಂಬರ್ 2ರಂದು, ಗುಮ್ಮಟವಿನ್ನೂ ಏಳದಿದ್ದರೂ, ಮುಗಿದ ಭಾಗದಲ್ಲಿ ಮೊದಲ ಪ್ರಾರ್ಥನೆ ನಡೆಯಿತು. ಆದರೆ ಅದೇ ವರ್ಷ ಪಾರ್ಲಿಮೆಂಟು ಕೆಲಸವು ನಿಧಾನವಾಯಿತೆಂದು ಬೇಸರಗೊಂಡು, ಕಟ್ಟಡ ಮುಗಿಯುವವರೆಗೆ ರೆನ್ನನಿಗೆ ಅರ್ಧ ಸಂಬಳವನ್ನು ಮಾತ್ರ ಕೊಡತಕ್ಕದ್ದೆಂದು ವಿಧಿಸಿತು. ಹಣ ಬಂದಷ್ಟು ಕೆಲಸ ನಡೆಯಬೇಕಾದ ಕಟ್ಟಡಕ್ಕೆ ಶಿಲ್ಪಿಯನ್ನು ಹೊಣೆ ಮಾಡಿದ್ದು ನ್ಯಾಯವಾಗಿರಲಿಲ್ಲ. ಬೇಗ ಮುಗಿಸಿ ಸಂಬಳ ಪಡೆಯಬೇಕೆಂಬ ಆಸೆಗೆ ಅವನು ಒಂದು ಕಲ್ಲನ್ನೂ ಹಗುರವಾಗಿಸಿ ಇಡಲಿಲ್ಲ. ಅತ್ಯಂತ ಕಷ್ಟದ ಕೆಲಸವಾದ ಗುಮ್ಮಟವನ್ನು ಅವನು ಕಟ್ಟಿದ್ದು ಈ ಅರ್ಧ ಸಂಬಳದ ಕಾಲದಲ್ಲಿಯೇ.

ಆ ಗುಮ್ಮಟದ ರಚನೆಯು ಜಾಣ್ಮೆಯಿಂದ ಕೂಡಿದ್ದು. ದೂರದಿಂದ ನೋಡುವವರಿಗೆ ಗುಮ್ಮಟವು ನಗರದ ಮೇಲೆ ಎತ್ತರವಾಗಿ ಕಾಣಬೇಕು. ಆದರೆ ಅದೇ ಎತ್ತರವು ಒಳಗಿನಿಂದ ನೋಡುವವರಿಗೆ ಕತ್ತಲೆಯ ಬಾವಿಯನ್ನು ತಲೆಕೆಳಗು ಮಾಡಿದಂತೆ ತೋರುತ್ತದೆ. ಆದ್ದರಿಂದ ರೆನ್ ಒಂದು ಗುಮ್ಮಟದ ಬದಲು ಒಂದರೊಳಗೊಂದಾಗಿ ಮೂರು ಪದರಗಳನ್ನು ಕಟ್ಟಿದನು. ಒಳಗಿನದು ಇಟ್ಟಿಗೆಯ ತಗ್ಗಾದ ಗುಮ್ಮಟ. ಹೊರಗಿನದು ಮರದ ಹಂದರಕ್ಕೆ ಸೀಸದ ಹೊದಿಕೆ ಹಾಕಿದ ಎತ್ತರದ ಗುಮ್ಮಟ. ಇವೆರಡರ ನಡುವೆ, ಹೊರಗಿನವರಿಗಾಗಲಿ ಒಳಗಿನವರಿಗಾಗಲಿ ಕಾಣದಂತೆ, ಇಟ್ಟಿಗೆಯ ಶಂಕುವೊಂದು ನಿಂತಿದೆ. ಗುಮ್ಮಟದ ತುದಿಯಲ್ಲಿ ಕಳಶದಂತೆ ನಿಂತಿರುವ, ಸುಮಾರು 850 ಟನ್ ತೂಕದ ಕಲ್ಲಿನ ಗೋಪುರವನ್ನು ಹೊತ್ತಿರುವುದು ಆ ಶಂಕುವೇ. ಭಾರಕ್ಕೆ ಬುಡವು ಹೊರಕ್ಕೆ ಬಿರಿಯದಂತೆ ಸುತ್ತಲೂ ಕಬ್ಬಿಣದ ಸರಪಳಿಯನ್ನು ಬಿಗಿದಿದ್ದಾರೆ. ನೆಲದಿಂದ ಶಿಲುಬೆಯ ತುದಿಯವರೆಗೆ ಎತ್ತರ 365 ಅಡಿ. ಎಲ್ಲರೂ ನೋಡಿ ಮೆಚ್ಚುವುದು ಗುಮ್ಮಟವನ್ನು; ಭಾರವನ್ನು ಹೊರುವುದು ಯಾರ ಕಣ್ಣಿಗೂ ಬೀಳದ ಶಂಕು.

ಎಪ್ಪತ್ತು ದಾಟಿದ ವಯಸ್ಸಿನಲ್ಲಿಯೂ ರೆನ್ ವಾರಕ್ಕೆ ಎರಡು ಮೂರು ಬಾರಿ ಬುಟ್ಟಿಯಲ್ಲಿ ಕುಳಿತು, ಹಗ್ಗದಿಂದ ಮೇಲಕ್ಕೆ ಎಳೆಯಿಸಿಕೊಂಡು ಕೆಲಸವನ್ನು ನೋಡಿ ಬರುತ್ತಿದ್ದನೆಂದು ಹೇಳುತ್ತಾರೆ. 1708ರಲ್ಲಿ ತುತ್ತತುದಿಯ ಕೊನೆಯ ಕಲ್ಲನ್ನು ಇಡುವ ದಿನ ಬಂದಿತು. ಅಷ್ಟು ಎತ್ತರಕ್ಕೆ ಏರಿ ಆ ಕಲ್ಲನ್ನು ಇಟ್ಟವನು ಮಗ ಕ್ರಿಸ್ಟೋಫರ್—ಮೊದಲ ಕಲ್ಲನ್ನು ಇಟ್ಟಾಗ ನಾಲ್ಕು ತಿಂಗಳ ಕೂಸಾಗಿದ್ದವನು. ಆಗ ಅವನಿಗೆ ಮೂವತ್ಮೂರು ವರ್ಷ. ತಾಯಿಯನ್ನು ಕಾಣದೆ ಬೆಳೆದ ಮಗನೂ ತಂದೆಯ ಮಂದಿರವೂ ಒಟ್ಟಿಗೆ ಬೆಳೆದಿದ್ದರು. ಹಿಂದಿನ ಕಾಲದ ಮಹಾಮಂದಿರಗಳು ಪೂರ್ಣವಾಗಲು ಹಲವು ತಲೆಮಾರುಗಳೇ ಹಿಡಿಯುತ್ತಿದ್ದವು. ಒಬ್ಬನೇ ಶಿಲ್ಪಿಯು ಅಂತಹ ಕಟ್ಟಡದ ಮೊದಲ ಕಲ್ಲನ್ನೂ ಕೊನೆಯ ಕಲ್ಲನ್ನೂ ತನ್ನ ಜೀವಮಾನದಲ್ಲಿಯೇ ನೋಡುವುದು ಅಪೂರ್ವ ಭಾಗ್ಯ.

ಆದರೂ ತಡೆಹಿಡಿದ ಸಂಬಳ ಬರಲಿಲ್ಲ. ಕಟ್ಟಡದ ಆಡಳಿತ ಮಂಡಲಿಯಲ್ಲಿ ಭಿನ್ನಾಭಿಪ್ರಾಯಗಳು ಹುಟ್ಟಿದ್ದವು. ಕಟ್ಟಡ ಮುಗಿಯಿತೆಂದು ಹೇಳುವವರೇ ಇಲ್ಲವಾದರು. ಕೊನೆಗೆ ವೃದ್ಧ ರೆನ್ ಆನ್ ರಾಣಿಗೂ ಪಾರ್ಲಿಮೆಂಟಿಗೂ ಮನವಿ ಸಲ್ಲಿಸಬೇಕಾಯಿತು. 1711ರಲ್ಲಿ ಪಾರ್ಲಿಮೆಂಟು ಮಂದಿರವು ಪೂರ್ಣಗೊಂಡಿದೆಯೆಂದು ಘೋಷಿಸಿ, ಬಾಕಿಯನ್ನು ಕೊಡಿಸಿತು.

ನೆಲ್ಲರನು ಕುಂಚವನ್ನು ಹಿಡಿದು ರೆನ್ನನ ಚಿತ್ರವನ್ನು ಬರೆದದ್ದು ಆ ವರ್ಷವೇ. ಜರ್ಮನಿಯ ಲ್ಯೂಬೆಕ್ ಪಟ್ಟಣದಲ್ಲಿ ಹುಟ್ಟಿ, ಆಮ್‌ಸ್ಟರ್‌ಡಾಮಿನಲ್ಲಿ ಚಿತ್ರಕಲೆಯನ್ನು ಕಲಿತು, ಇಟಲಿಯನ್ನು ನೋಡಿ, 1676ರಲ್ಲಿ ಇಂಗ್ಲೆಂಡಿಗೆ ಬಂದ ನೆಲ್ಲರ್ ಅಲ್ಲಿನ ರಾಜರ ಆಸ್ಥಾನ ಚಿತ್ರಕಾರನಾಗಿದ್ದನು. ನ್ಯೂಟನ್ನನ ಭಾವಚಿತ್ರವನ್ನು ಬರೆದವನೂ ಅವನೇ. ಯೂರೋಪಿನಲ್ಲಿ ಆಗ ಬರೋಕ್ ಎಂಬ ಶೈಲಿಯು ನಡೆಯುತ್ತಿತ್ತು. ಭವ್ಯತೆ, ಚಲನೆ, ನೆರಳು ಬೆಳಕುಗಳ ಆಟ ಆ ಶೈಲಿಯ ಜೀವಾಳ. ಬಣ್ಣದ ಪುಡಿಯನ್ನು ಅಗಸೆಯ ಎಣ್ಣೆಯಂತಹ ಎಣ್ಣೆಯಲ್ಲಿ ಕಲಸಿ ಬರೆದಾಗ ಅದು ನಿಧಾನವಾಗಿ ಒಣಗುತ್ತದೆ. ಪದರದ ಮೇಲೆ ಪದರ ಹಚ್ಚಿ, ನೆರಳನ್ನು ಬೆಳಕಿನಲ್ಲಿ ಮೆಲ್ಲನೆ ಬೆರೆಸಲು ಚಿತ್ರಕಾರನಿಗೆ ಅವಕಾಶ ದೊರೆಯುತ್ತದೆ. ಈ ಚಿತ್ರದಲ್ಲಿ ನೆಲ್ಲರನು ತನ್ನ ಶೈಲಿಯ ಆಡಂಬರವನ್ನು ಮಿತವಾಗಿ ಬಳಸಿದ್ದಾನೆ. ನೋಡುವವರ ಕಣ್ಣು ಮೊದಲು ಮುಖದ ಮೇಲೆ ನಿಲ್ಲುತ್ತದೆ. ಅನಂತರ ಕೈಗೆ, ಕೈವಾರಕ್ಕೆ, ನಕ್ಷೆಗೆ ಇಳಿಯುತ್ತದೆ. ಬುದ್ಧಿ, ಶ್ರಮ, ಫಲ ಎಂಬ ಮೂರನ್ನೂ ಚಿತ್ರಕಾರನು ಒಂದೇ ಸಾಲಿನಲ್ಲಿ ಪೋಣಿಸಿಟ್ಟಂತಿದೆ.

ಚಿತ್ರ ಮುಗಿದ ಮೇಲೂ ರೆನ್ನನ ಪರೀಕ್ಷೆ ಮುಗಿಯಲಿಲ್ಲ. ಮಂದಿರದ ಗೋಡೆಗಳ ಮೇಲೆ ಕಲ್ಲಿನ ಕಟಕಟೆಯನ್ನು ಕಟ್ಟಬೇಕೆಂದು ಆಡಳಿತ ಮಂಡಲಿಯು ಅವನ ಇಷ್ಟಕ್ಕೆ ವಿರುದ್ಧವಾಗಿ ತೀರ್ಮಾನಿಸಿತು. 1718ರಲ್ಲಿ, ನಾಲ್ವತ್ತೊಂಬತ್ತು ವರ್ಷ ಸೇವೆ ಮಾಡಿದ್ದ, ಎಂಬತ್ತೈದು ವರ್ಷದ ರೆನ್ನನನ್ನು ಅರಮನೆಯ ಪದವಿಯಿಂದ ತೆಗೆದುಹಾಕಿ, ರಾಜಕೀಯ ಬಲದಿಂದ ಬಂದ ವಿಲಿಯಂ ಬೆನ್ಸನ್ ಎಂಬುವನನ್ನು ನೇಮಿಸಿದರು. ಗಟ್ಟಿಯಾಗಿ ನಿಂತಿದ್ದ ಪಾರ್ಲಿಮೆಂಟಿನ ಪ್ರಭುಗಳ ಸಭಾಭವನವು ಬೀಳುವಂತಿದೆಯೆಂದು ತಪ್ಪಾಗಿ ವರದಿ ಮಾಡಿ, ಆತ ಮರುವರ್ಷವೇ ಪದವಿಯನ್ನು ಕಳೆದುಕೊಂಡನು. ರೆನ್ ಯಾರನ್ನೂ ನಿಂದಿಸದೆ, ಓದುತ್ತ, ಗಣಿತದ ಸಮಸ್ಯೆಗಳನ್ನು ಬಿಡಿಸುತ್ತ ಶಾಂತನಾಗಿ ಉಳಿದನು. ವರ್ಷಕ್ಕೊಮ್ಮೆ ಸೇಂಟ್ ಪಾಲ್ ಮಂದಿರಕ್ಕೆ ಬಂದು ಗುಮ್ಮಟದ ಕೆಳಗೆ ಸ್ವಲ್ಪ ಹೊತ್ತು ಕುಳಿತು ಹೋಗುತ್ತಿದ್ದನೆಂದು ಪ್ರತೀತಿಯಿದೆ. 1723ನೆಯ ಫೆಬ್ರವರಿ 25ರಂದು ಊಟವಾದ ಮೇಲೆ ಕುರ್ಚಿಯಲ್ಲಿ ಒರಗಿದವನು ಮತ್ತೆ ಏಳಲಿಲ್ಲ. ಆಗ ಅವನಿಗೆ ತೊಂಬತ್ತು ವರ್ಷ. ಅವನ ಚಿತ್ರವನ್ನು ಬರೆದ ನೆಲ್ಲರನೂ ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡನು.

ರೆನ್ನನನ್ನು ಸೇಂಟ್ ಪಾಲ್ ಮಂದಿರದ ನೆಲಮಾಳಿಗೆಯಲ್ಲಿ ಸಮಾಧಿ ಮಾಡಿದರು. ಅದರ ಮೇಲೆ ಭವ್ಯ ಸ್ಮಾರಕವಿಲ್ಲ, ಪ್ರತಿಮೆಯಿಲ್ಲ; ಒಂದು ಸರಳವಾದ ಕಲ್ಲಿದೆ. ಬಳಿಯ ಗೋಡೆಯ ಮೇಲೆ ಲ್ಯಾಟಿನ್ ಭಾಷೆಯ ಬರೆಹವೊಂದಿದೆ. ಈ ಶಿಲ್ಪಿಯ ಸ್ಮಾರಕವನ್ನು ಅರಸುವವರು ಸುತ್ತಲೂ ಒಮ್ಮೆ ಕಣ್ಣು ಹಾಯಿಸಿದರೆ ಸಾಕೆಂಬುದು ಅದರ ಭಾವ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ನೆಯ ಡಿಸೆಂಬರ್ 29ರ ರಾತ್ರಿ, ಶತ್ರುವಿಮಾನಗಳು ಬೆಂಕಿಯ ಬಾಂಬುಗಳನ್ನು ಸುರಿದು ಲಂಡನ್ ಮತ್ತೊಮ್ಮೆ ಹೊತ್ತಿ ಉರಿದಾಗ, ರೆನ್ ಕಟ್ಟಿದ ಹಲವು ಇಗರ್ಜಿಗಳು ಸುಟ್ಟುಹೋದವು. ಆದರೆ ಕಾವಲುಗಾರರ ಸಾಹಸದಿಂದ ಸೇಂಟ್ ಪಾಲ್ ಮಂದಿರ ಉಳಿಯಿತು. ಹೊಗೆಯ ನಡುವೆ ತಲೆಯೆತ್ತಿ ನಿಂತ ಅದರ ಗುಮ್ಮಟವನ್ನು ಕಂಡು ನಗರದ ಜನರು ಧೈರ್ಯ ತಂದುಕೊಂಡರು.

ನಗರವನ್ನು ಕಟ್ಟುವ ನಕ್ಷೆಯನ್ನು ಜನರು ಒಪ್ಪದಿದ್ದಾಗ ರೆನ್ ಇಗರ್ಜಿಗಳನ್ನು ಕಟ್ಟಿದನು. ಅಚ್ಚುಮೆಚ್ಚಿನ ಮಾದರಿಯನ್ನು ತಳ್ಳಿಹಾಕಿದಾಗ ಇನ್ನೊಂದನ್ನು ಬರೆದನು. ಸಂಬಳವನ್ನು ಅರ್ಧ ಮಾಡಿದಾಗ ಗುಮ್ಮಟವನ್ನು ಪೂರ್ಣ ಮಾಡಿದನು. ಹಳೆಯ ಗೋಡೆಗೆ ಬಿದ್ದ ಒಂದೊಂದು ಪೆಟ್ಟಿನ ಫಲವೂ ಮೊದಲ ದಿನ ಕಾಣಲಿಲ್ಲ; ಎರಡನೆಯ ದಿನ ಕಂಡಿತು. ತಾಳ್ಮೆಯೆಂದರೆ ಸುಮ್ಮನೆ ಕಾಯುವುದಲ್ಲ, ಕೆಲಸ ಮಾಡುತ್ತ ಕಾಯುವುದು. ನೆಲ್ಲರನ ಚಿತ್ರದಲ್ಲಿ ರೆನ್ ಇಂದಿಗೂ ಹಾಗೆಯೇ ಕುಳಿತಿದ್ದಾನೆ. ಮಂದಿರ ಮುಗಿದಿದೆ, ವಯಸ್ಸು ಮಾಗಿದೆ, ಬರಬೇಕಾದದ್ದು ಬಂದಿದೆ. ಆದರೂ ಅವನ ಕೈ ಕೈವಾರವನ್ನು ಕೆಳಗಿಟ್ಟಿಲ್ಲ.